ಉಪ್ಪುನೀರಿನ ಲಿಥಿಯಂ: ರಸಾಯನ ಗೊತ್ತಾಗಿದೆ, ಪೆಟ್ಟಿಗೆ ಇನ್ನೂ ಪಳಗಬೇಕು

ಹೋದ ವರ್ಷ ಮನೆಯ ಇನ್ವರ್ಟರ್‌ಗೆ ಹಳೆಯ ಲೆಡ್ ಬ್ಯಾಟರಿ ತೆಗೆಸಿ ಲಿಥಿಯಂ ಬ್ಯಾಟರಿ ಹಾಕಿಸಿದೆವು. 12.8 ವೋಲ್ಟ್, 100 ಆಂಪ್-ಅವರ್. ಹಾಸನದ ಮಳೆಗಾಲದಲ್ಲಿ ಕರೆಂಟು ಹೇಗೆ ಹೋಗಿ ಬಂದು ಮಾಡುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಪಕ್ಕದ ಮನೆಯವರು ಬಂದು ಬ್ಯಾಟರಿಯನ್ನು ಒಂದೇ ಕೈಯಲ್ಲಿ ಎತ್ತಿ, ಇಷ್ಟೊಂದು ಹಗುರವಾ ಅಂದರು. ನನಗೆ ಬೇರೆ ಪ್ರಶ್ನೆ ಬಂತು. ಇದರೊಳಗೆ ನಿಜವಾಗಿ ಲಿಥಿಯಂ ಅನ್ನೋದು ಎಷ್ಟಿದೆ? ಕೂತು ಲೆಕ್ಕ ಹಾಕಿದೆ. ಸುಮಾರು 100 ಗ್ರಾಂ. ಚಿಕ್ಕ ಕಾಫಿಪುಡಿ ಪ್ಯಾಕೆಟ್ಟಿನ ತೂಕ, ಅಷ್ಟೇ.

ಆ 100 ಗ್ರಾಂ ಎಲ್ಲಿಂದ ಬರುತ್ತದೆ, ಅದನ್ನು ತೆಗೆಯೋ ಯಂತ್ರ ಯಾಕೆ ಇಷ್ಟು ಕಷ್ಟ ಅನ್ನೋದನ್ನು ಹೇಳಬೇಕು ಅನ್ನಿಸಿತು. ನಾನು ಹಲವು ವರ್ಷಗಳಿಂದ ಪ್ಲೇಟಿಂಗ್ ಕೆಲಸದಲ್ಲಿರುವವನು, ಅಂದರೆ ಕರೆಂಟು ಹಾಯಿಸಿ ಸಾಮಾನಿಗೆ ಲೋಹದ ಲೇಪ ಕೂರಿಸುವ ಕೆಲಸ. ಟ್ಯಾಂಕು, ಕರೆಂಟು ಹೊರುವ ತಾಮ್ರದ ಪಟ್ಟಿ ಅಂದರೆ ಬಸ್‌ಬಾರು, ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರು, ತೊಳೆಯೋ ನೀರು, ಇದೇ ನನ್ನ ದಿನ. ಉಪ್ಪು ಸರೋವರದ ನೀರಿನಿಂದ ಕರೆಂಟು ಹಾಯಿಸಿ ಲಿಥಿಯಂ ತೆಗೆಯುವ ವಿಧಾನದ ಬಗ್ಗೆ ಓದುತ್ತಾ ಹೋದಂತೆ, ಅಲ್ಲಿನ ಕಷ್ಟಗಳೆಲ್ಲ ನಮ್ಮ ಶಾಪಿನ ಕಷ್ಟಗಳೇ ಅಂತ ಕಾಣತೊಡಗಿತು.

ಲಿಥಿಯಂ ಮುಖ್ಯವಾಗಿ ಎರಡು ಕಡೆಯಿಂದ ಬರುತ್ತದೆ. ಒಂದು ಕಲ್ಲು, ಇನ್ನೊಂದು ಉಪ್ಪು ಸರೋವರ. ದಕ್ಷಿಣ ಅಮೆರಿಕದ ಚಿಲಿ, ಬೊಲಿವಿಯಾ, ಅರ್ಜೆಂಟೀನಾದ ಎತ್ತರದ ಬಯಲುಗಳಲ್ಲಿ, ಚೀನಾದ ಚಿಂಗ್‌ಹಾಯ್ ಮತ್ತು ಟಿಬೆಟ್ ಕಡೆ, ಉಪ್ಪಿನ ಹೊದಿಕೆಯ ಕೆಳಗೆ ಗಾಢವಾದ ಉಪ್ಪುನೀರು ನಿಂತಿರುತ್ತದೆ. ಚಿಲಿಯ ಅಟಕಾಮಾದಲ್ಲಿ ಒಂದು ಲೀಟರಿಗೆ ಒಂದೂವರೆ ಗ್ರಾಂ ಆಸುಪಾಸು ಲಿಥಿಯಂ ಇದೆ. ಇದು ಬಹಳ ಒಳ್ಳೆಯ ಜಾಗ. ಎಷ್ಟೋ ಕಡೆ ಅರ್ಧ ಗ್ರಾಮೂ ಇರುವುದಿಲ್ಲ.

ಹಳೆಯ ವಿಧಾನ ನಮ್ಮ ಸಕಲೇಶಪುರದ ಕಡೆ ಕಾಫಿ ಕಣ ಮಾಡಿದ ಹಾಗೆ. ನೀರನ್ನು ದೊಡ್ಡ ದೊಡ್ಡ ಕೊಳಗಳಿಗೆ ಬಿಟ್ಟು ಬಿಸಿಲಿಗೆ ಒಣಗಿಸುತ್ತಾರೆ. ಮೊದಲು ಅಡುಗೆ ಉಪ್ಪು ಕೂರುತ್ತದೆ, ಆಮೇಲೆ ಪೊಟ್ಯಾಷ್, ಹೀಗೆ ಒಂದೊಂದಾಗಿ. ಲಿಥಿಯಂ ಕೊನೆವರೆಗೂ ನೀರಿನಲ್ಲೇ ಉಳಿಯುತ್ತದೆ. ಒಂದರಿಂದ ಒಂದೂವರೆ ವರ್ಷ ಬೇಕು. ಕಣದಲ್ಲಿ ಹಣ್ಣು ಹರಡಿದಾಗ ಅಕಾಲ ಮಳೆ ಬಂದರೆ ಏನಾಗುತ್ತದೆ ಅಂತ ತೋಟದವರಿಗೆ ಗೊತ್ತು, ಅಲ್ಲೂ ಅದೇ ಕಥೆ. ಜೊತೆಗೆ ಕೂರುವ ಉಪ್ಪಿನೊಂದಿಗೆ ಲಿಥಿಯಂ ಕೂಡ ಜಾಸ್ತಿಯೇ ಹೋಗುತ್ತದೆ. ಅರ್ಧದಷ್ಟು ಕೈಗೆ ಸಿಕ್ಕರೆ ಅದೇ ಪುಣ್ಯ.

ಇದಕ್ಕಿಂತ ದೊಡ್ಡ ತಲೆನೋವು ಮೆಗ್ನೀಸಿಯಂ. ಅಟಕಾಮಾದಲ್ಲಿ ಲಿಥಿಯಂಗಿಂತ ಮೆಗ್ನೀಸಿಯಂ ಆರು ಪಟ್ಟು ಇದೆ. ಬೊಲಿವಿಯಾದ ಉಯುನಿಯಲ್ಲಿ ಸುಮಾರು 20 ಪಟ್ಟು. ಚಿಂಗ್‌ಹಾಯ್‌ನ ಕಾರ್ಹಾನ್ ಸರೋವರದಲ್ಲಿ ಇದು ಸಾವಿರ ಪಟ್ಟನ್ನೂ ದಾಟುತ್ತದೆ. ಆಲೂಗಡ್ಡೆಗೆ, ಕಾಫಿಗೆ ನಾವು ಹಾಕುವ ಪೊಟ್ಯಾಷ್ ಗೊಬ್ಬರ ಇದೆಯಲ್ಲ, ಅದನ್ನು ಕಾರ್ಹಾನ್‌ನಲ್ಲಿ ದೊಡ್ಡ ಪ್ರಮಾಣದಲ್ಲಿ ತೆಗೆಯುತ್ತಾರೆ. ಪೊಟ್ಯಾಷ್ ತೆಗೆದು ಉಳಿದ ನೀರು ಎಣ್ಣೆಯ ಹಾಗೆ ಮಂದ, ಅದರ ತುಂಬ ಮೆಗ್ನೀಸಿಯಂ, ನಡುವೆ ಚೂರು ಲಿಥಿಯಂ. ಎರಡೂ ಅಯಾನುಗಳ ಗಾತ್ರ ಹೆಚ್ಚುಕಡಿಮೆ ಒಂದೇ: ಲಿಥಿಯಂ 0.76 ಆಂಗ್‌ಸ್ಟ್ರಾಂ, ಮೆಗ್ನೀಸಿಯಂ 0.72. ಜರಡಿ ಹಿಡಿದು ಬೇರ್ಪಡಿಸೋಣ ಅಂದರೆ ಆಗುವುದಿಲ್ಲ.

ಇಲ್ಲಿ ಬ್ಯಾಟರಿಯೇ ನೆರವಿಗೆ ಬರುತ್ತದೆ. ನಮ್ಮ ಇನ್ವರ್ಟರ್ ಬ್ಯಾಟರಿಯ ಒಳಗಿರುವ ಲಿಥಿಯಂ ಐರನ್ ಫಾಸ್ಫೇಟ್ ಒಂದು ಹರಳು. ಅದರೊಳಗೆ ಉದ್ದಕ್ಕೂ ಸಣ್ಣ ಸುರಂಗಗಳಿವೆ. ಚಾರ್ಜ್ ಮಾಡಿದಾಗ ಲಿಥಿಯಂ ಆ ಸುರಂಗದಿಂದ ಹೊರಗೆ ಹೋಗುತ್ತದೆ, ಬಳಸಿದಾಗ ವಾಪಸ್ ಬರುತ್ತದೆ. ಈಗ ಲಿಥಿಯಂ ಖಾಲಿ ಮಾಡಿದ ಒಂದು ಪ್ಲೇಟನ್ನು ಉಪ್ಪುನೀರಿನಲ್ಲಿ ಇಳಿಬಿಟ್ಟು ಅದಕ್ಕೆ ಎಲೆಕ್ಟ್ರಾನ್ ತುಂಬಿದರೆ, ಅದು ನೀರಿನಿಂದ ಲಿಥಿಯಂ ಅನ್ನೇ ಆರಿಸಿ ಒಳಗೆ ಎಳೆದುಕೊಳ್ಳುತ್ತದೆ. ಮೆಗ್ನೀಸಿಯಂಗೆ ಎರಡು ಚಾರ್ಜು, ಸುತ್ತಲಿನ ನೀರನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ, ಸುರಂಗದೊಳಗೆ ಸರಾಗವಾಗಿ ಜರುಗುವುದಿಲ್ಲ. ಸೋಡಿಯಂ ಗಾತ್ರದಲ್ಲಿ ದೊಡ್ಡದು, ಒಳಗೆ ಹೋಗಲು ಇನ್ನೂ ಜಾಸ್ತಿ ಎಳೆತ ಬೇಕು.

ಪೆಟ್ಟಿಗೆ ಹೀಗಿರುತ್ತದೆ. ಎರಡು ಕೋಣೆ, ನಡುವೆ ಒಂದು ಪೊರೆ. ಎಡಗಡೆ ಕೋಣೆಯಲ್ಲಿ ಸರೋವರದ ನೀರು ಮತ್ತು ಖಾಲಿ ಪ್ಲೇಟು. ಬಲಗಡೆ ಶುದ್ಧವಾದ ತೆಳು ಉಪ್ಪಿನ ನೀರು ಮತ್ತು ಲಿಥಿಯಂ ತುಂಬಿದ ಪ್ಲೇಟು. ಕರೆಂಟು ಹಾಯಿಸಿದರೆ ಎಡಗಡೆ ಪ್ಲೇಟು ಲಿಥಿಯಂ ನುಂಗುತ್ತದೆ, ಬಲಗಡೆಯದ್ದು ಅಷ್ಟೇ ಲಿಥಿಯಂ ಅನ್ನು ಶುದ್ಧ ನೀರಿಗೆ ಬಿಡುತ್ತದೆ. ಪೊರೆ ಋಣ ಚಾರ್ಜಿನ ಕ್ಲೋರೈಡನ್ನು ಮಾತ್ರ ಆಚೆಗೆ ಬಿಡುತ್ತದೆ, ಮೆಗ್ನೀಸಿಯಂ ಸೋಡಿಯಂಗೆ ಬಾಗಿಲು ಹಾಕಿದೆ. ಎಡಗಡೆ ಪ್ಲೇಟು ತುಂಬಿತು, ಬಲಗಡೆಯದ್ದು ಖಾಲಿಯಾಯಿತು ಅಂದಮೇಲೆ ಅದಲು ಬದಲು. ಮತ್ತೆ ಶುರು.

ಇದರ ಸೊಗಸು ಏನೆಂದರೆ ಎರಡೂ ಕಡೆ ನಡೆಯುವುದು ಒಂದೇ ಕ್ರಿಯೆ, ದಿಕ್ಕು ಮಾತ್ರ ಬೇರೆ. ಹಾಗಾಗಿ ಬೇಕಾಗುವ ವೋಲ್ಟೇಜ್ ತುಂಬಾ ಕಡಿಮೆ. 1 ಕಿಲೋ ಲಿಥಿಯಂ ಸಾಗಿಸಲು ಸುಮಾರು 3,860 ಆಂಪ್-ಅವರ್ ಬೇಕು, ಇದು ಫ್ಯಾರಡೆಯ ಲೆಕ್ಕ, ಇದರಲ್ಲಿ ಚೌಕಾಶಿ ಇಲ್ಲ. ಪೆಟ್ಟಿಗೆ 0.3 ವೋಲ್ಟಿನಲ್ಲಿ ಓಡಿದರೆ ಅದು 1.2 ಯೂನಿಟ್ ಕರೆಂಟು ಕೂಡ ಆಗುವುದಿಲ್ಲ. ಪಂಪು, ಫಿಲ್ಟರಿನ ಖರ್ಚು ಬೇರೆ ಇದೆ, ಆದರೂ ನೋಡಿ, ಒಂದು ಗೀಸರ್ ಅರ್ಧ ಗಂಟೆಗೆ ತಿನ್ನುವಷ್ಟು!

ಈ ಐಡಿಯಾ ಹೊಸದೂ ಅಲ್ಲ. 1990ರ ದಶಕದ ಆರಂಭದಲ್ಲೇ ಜಪಾನಿನವರು ಮ್ಯಾಂಗನೀಸ್ ಆಕ್ಸೈಡ್ ಪ್ಲೇಟಿನಲ್ಲಿ ಇಂಥದ್ದನ್ನು ಮಾಡಿ ತೋರಿಸಿದ್ದರು. ಲಿಥಿಯಂ ಐರನ್ ಫಾಸ್ಫೇಟನ್ನು ಬ್ಯಾಟರಿಗೆ ತಂದದ್ದು ಅಮೆರಿಕದಲ್ಲಿ ಜಾನ್ ಗುಡ್‌ಇನಫ್ ಅವರ ಲ್ಯಾಬು, 1997ರಲ್ಲಿ ಆ ಕೆಲಸ ಪ್ರಕಟವಾಯಿತು. 2012ರಲ್ಲಿ ಫ್ಯಾಬಿಯೊ ಲಾ ಮಾಂಟಿಯಾ ಮತ್ತು ಜೊತೆಗಾರರು ಅದೇ ವಸ್ತುವನ್ನು ಬೆಳ್ಳಿಯ ಜೊತೆ ಸೇರಿಸಿ ಉಪ್ಪುನೀರಿನಿಂದ ಲಿಥಿಯಂ ತೆಗೆದರು. ಎರಡೂ ಕಡೆ ಐರನ್ ಫಾಸ್ಫೇಟ್, ನಡುವೆ ಪೊರೆ ಅನ್ನುವ ವ್ಯವಸ್ಥೆಯನ್ನು ಬೆಳೆಸಿದ್ದು ಚೀನಾದ ಚಾಂಗ್ಷಾದಲ್ಲಿರುವ ಸೆಂಟ್ರಲ್ ಸೌತ್ ಯೂನಿವರ್ಸಿಟಿಯ ಝಾವೊ ಝೊಂಗ್‌ವೇ ಅವರ ತಂಡ. ಅಂದರೆ ರಸಾಯನ ಚೆನ್ನಾಗಿ ಗೊತ್ತಿದೆ. ಬೀಕರಿನಲ್ಲಿ ಸೊಗಸಾಗಿ ನಡೆಯುತ್ತದೆ. ಬೀಕರಿನಿಂದ ಆಳೆತ್ತರದ ಟ್ಯಾಂಕಿಗೆ ಬಂದಾಗ ಹಠ ಹಿಡಿಯುತ್ತದೆ.

ಮೊದಲು ಜಾಗದ ಲೆಕ್ಕ ನೋಡಿ. ನಾವು ಸತುವಿನ ಪ್ಲೇಟಿಂಗಿಗೆ ಒಂದು ಚದರ ಮೀಟರಿಗೆ 200 ಆಂಪ್ ಆರಾಮಾಗಿ ಕೊಡುತ್ತೇವೆ. ಲಿಥಿಯಂ ಹಾಗೆ ಓಡುವುದಿಲ್ಲ, ಅದು ಹರಳಿನ ಸುರಂಗದೊಳಗೆ ತೆವಳಿಕೊಂಡು ಹೋಗಬೇಕು. ಚದರ ಮೀಟರಿಗೆ 20 ಆಂಪ್ ಅಂತ ಇಟ್ಟುಕೊಂಡರೆ, ಗಂಟೆಗೆ 1 ಕಿಲೋ ಲಿಥಿಯಂ ತೆಗೆಯಲು 193 ಚದರ ಮೀಟರ್ ಪ್ಲೇಟು ಬೇಕು. 30-40ರ ಸೈಟಿನ ಒಂದೂಮುಕ್ಕಾಲು ಪಟ್ಟು. ಅಷ್ಟು ಪ್ಲೇಟನ್ನು ಒಂದು ಶೆಡ್ಡಿನಲ್ಲಿ ಪುಸ್ತಕದ ಹಾಳೆಗಳ ಹಾಗೆ ಜೋಡಿಸಿ, ಪ್ರತಿ ಹಾಳೆಗೂ ಒಂದೇ ಸಮ ಕರೆಂಟು, ಒಂದೇ ಸಮ ನೀರು ಕೊಡಬೇಕು. ಉಪಕರಣ ಸುಧಾರಣೆ ಅನ್ನೋದರ ಬಹುಪಾಲು ಈ 'ಒಂದೇ ಸಮ' ಅನ್ನುವ ಮಾತಿನಲ್ಲೇ ಇದೆ.

ಕರೆಂಟು ತೆಗೆದುಕೊಳ್ಳಿ. ಪ್ಲೇಟಿಂಗ್ ಟ್ಯಾಂಕಿನಿಂದ ಒಂದು ಚಪ್ಪಟೆ ಪಟ್ಟಿ ತೆಗೆದು ಅಳೆದರೆ ಅಂಚಿನಲ್ಲಿ ಸತು ದಪ್ಪ, ನಡುವೆ ತೆಳು. ಕರೆಂಟಿಗೆ ಅಂಚು ಅಂದರೆ ಪ್ರೀತಿ. ಲಿಥಿಯಂ ಪ್ಲೇಟಿನಲ್ಲೂ ತಂತಿ ಹಿಡಿದ ಮೇಲುಭಾಗ ಬೇಗ ತುಂಬುತ್ತದೆ, ಕೆಳಗಿನ ಮೂಲೆ ಅರ್ಧ ಖಾಲಿಯೇ ಉಳಿಯುತ್ತದೆ. ಪ್ಲೇಟು ದೊಡ್ಡದಾದಷ್ಟೂ ಇದು ಜಾಸ್ತಿ. ಅದಕ್ಕೆ ಪ್ಲೇಟಿನ ಬೆನ್ನೆಲುಬಿಗೆ ಒಳ್ಳೆಯ ವಾಹಕದ ಜಾಲರಿ ಬೇಕು, ಕರೆಂಟನ್ನು ಒಂದೇ ಕಡೆಯಿಂದ ಕೊಡದೆ ಹಲವು ಕಡೆಯಿಂದ ಕೊಡಬೇಕು.

ಬಸ್‌ಬಾರಿನ ಜೋಡಣೆ ಇನ್ನೂ ಸೂಕ್ಷ್ಮ. ನಮ್ಮ ರೆಕ್ಟಿಫೈಯರು 12 ವೋಲ್ಟಿನದ್ದು. ಎಲ್ಲೋ ಒಂದು ಬೋಲ್ಟ್ ಸಡಿಲಾಗಿ 50 ಮಿಲಿವೋಲ್ಟ್ ಹೋದರೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ, ಕೈ ಇಟ್ಟು ನೋಡಿ ಬಿಸಿ ಇದ್ದರೆ ಬಿಗಿ ಮಾಡುತ್ತೇವೆ. ಆದರೆ ಒಟ್ಟು ಇರುವುದೇ 0.3 ವೋಲ್ಟ್ ಅಂದಾಗ 50 ಮಿಲಿವೋಲ್ಟ್ ಅಂದರೆ ಆರರಲ್ಲಿ ಒಂದು ಪಾಲು! ಪ್ರತಿ ಬೋಲ್ಟು, ಪ್ರತಿ ತಾಮ್ರದ ಮೇಲಿನ ಹಸಿರು ಕಿಲುಬು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಉಪ್ಪಿನ ಗಾಳಿಯಲ್ಲಿ ಕಿಲುಬು ಹಿಡಿಯಲು ಎಷ್ಟು ಹೊತ್ತು ಬೇಕು, ಹೇಳಿ.

ಹಾಗಾದರೆ ಕೋಣೆಗಳನ್ನು ಸರಣಿಯಲ್ಲಿ ಜೋಡಿಸಿ ವೋಲ್ಟೇಜ್ ಏರಿಸಬಹುದಲ್ವಾ ಅಂತ ಕೇಳಬಹುದು. ಏರಿಸಬಹುದು. ಆದರೆ ಎಲ್ಲ ಕೋಣೆಗೂ ಒಂದೇ ಪೈಪಿನಿಂದ ಉಪ್ಪುನೀರು ಹೋಗುತ್ತಿರುತ್ತದೆ, ಆ ನೀರೇ ಒಳ್ಳೆಯ ತಂತಿ. ಕರೆಂಟು ಪ್ಲೇಟು ಬಿಟ್ಟು ಪೈಪಿನ ನೀರಿನಲ್ಲೇ ಅಡ್ಡದಾರಿ ಹಿಡಿಯುತ್ತದೆ. ತಡೆಯಲು ಪ್ರತಿ ಕೋಣೆಗೂ ಉದ್ದವಾದ, ಕಿರಿದಾದ ಕಾಲುವೆ ಮಾಡಬೇಕು, ಮಾಡಿದರೆ ಪಂಪಿಗೆ ಹೊರೆ. ಎರಡರ ನಡುವೆ ಎಲ್ಲೋ ಒಂದು ಕಡೆ ರಾಜಿಯಾಗಬೇಕು.

ಇನ್ನು ನೀರು. ನನ್ನ ಮಟ್ಟಿಗೆ ಇಡೀ ವಿಷಯದ ಹೃದಯ ಇದೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪ್ಲೇಟು ತನ್ನ ಪಕ್ಕದ ನೀರಿನಿಂದ ಲಿಥಿಯಂ ನುಂಗುತ್ತದೆ. ನುಂಗಿದ ಜಾಗಕ್ಕೆ ದೂರದ ನೀರಿನಿಂದ ಹೊಸ ಲಿಥಿಯಂ ಬರಬೇಕು. ಲೀಟರಿಗೆ 0.3 ಗ್ರಾಂ ಮಾತ್ರ ಇರುವ ನೀರಿನಲ್ಲಿ ಅದು ಬರುವುದು ತಡವಾಗುತ್ತದೆ. ನೀರು ಸರಿಯಾಗಿ ಹರಿಯದ ಮೂಲೆಯಲ್ಲಿ ಪ್ಲೇಟಿನ ಪಕ್ಕದ ಪದರದಲ್ಲಿ ಲಿಥಿಯಂ ಮುಗಿದೇ ಹೋಗುತ್ತದೆ. ಆದರೆ ರೆಕ್ಟಿಫೈಯರಿಗೆ ಅದು ಗೊತ್ತಾಗುವುದಿಲ್ಲ, ಅದು ಎಲೆಕ್ಟ್ರಾನ್ ತುಂಬುತ್ತಲೇ ಇರುತ್ತದೆ. ಎಳೆತ ಜಾಸ್ತಿಯಾಗುತ್ತದೆ. ಆಗ, ಇಷ್ಟು ಹೊತ್ತು ಹೊರಗೆ ನಿಂತಿದ್ದ ಸೋಡಿಯಂ ಒಳಗೆ ನುಗ್ಗುತ್ತದೆ, ಹಿಂದೆಯೇ ಚೂರು ಮೆಗ್ನೀಸಿಯಂ ಕೂಡ. ಹರಳು ಲಿಥಿಯಂ ಅನ್ನೇ ಆರಿಸುತ್ತದೆ ಅಂತ ಮೇಲೆ ಹೇಳಿದೆನಲ್ಲ, ಆ ಗುಣ ಉಳಿಯುವುದು ನೀರು ಚೆನ್ನಾಗಿ ಹರಿಯುವವರೆಗೆ ಮಾತ್ರ. ಹರಳಿನ ಗುಣ ಅಂತ ನಾವು ಅಂದುಕೊಂಡದ್ದರಲ್ಲಿ ಅರ್ಧ ಪೆಟ್ಟಿಗೆಯ ಗುಣ. ಇದು ಅರ್ಥವಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಆಲೂರಿನ ಕಡೆ ನಮ್ಮ ಚಿಕ್ಕಪ್ಪನ ತೋಟದಲ್ಲಿ ಡ್ರಿಪ್ ಇದೆ. ಮೊದಲ ಸಾಲಿನ ಮೊದಲ ಗಿಡದ ಬುಡ ಕೆಸರು, ಕೊನೆಯ ಗಿಡದ ಹತ್ತಿರ ಮಣ್ಣು ಒಣ. ಪೈಪಿನ ಒತ್ತಡ ಕೊನೆಗೆ ಹೋಗುವಷ್ಟರಲ್ಲಿ ಇಳಿದಿರುತ್ತದೆ. ನೂರು ಕೋಣೆಗೆ ಒಂದೇ ಪೈಪಿನಿಂದ ನೀರು ಕೊಟ್ಟರೂ ಇದೇ ಆಗುತ್ತದೆ. ಮುಖ್ಯ ಪೈಪು ದಪ್ಪ, ಪ್ರತಿ ಕೋಣೆಯ ಬಾಯಿ ಕಿರಿದು ಮಾಡಿದರೆ ಹಂಚಿಕೆ ಸಮವಾಗುತ್ತದೆ. ಒಳ್ಳೆಯ ಡ್ರಿಪ್ಪರಿನ ಸಣ್ಣ ಬಾಯಿ ಮಾಡುವುದೂ ಅದೇ ಕೆಲಸ.

ಕೋಣೆಯ ಒಳಗಿನ ಹರಿವಿಗೆ ಬೇರೆ ಉಪಾಯ ಇದೆ. ಮನೆಯ ವಾಟರ್ ಫಿಲ್ಟರಿನ ಹಳೆಯ ಆರ್‌ಓ ಕ್ಯಾಟ್ರಿಜ್ ಸಿಕ್ಕರೆ ಒಮ್ಮೆ ಕುಯ್ದು ಬಿಚ್ಚಿ ನೋಡಿ. ಸುರುಳಿ ಸುತ್ತಿದ ಪೊರೆಗಳ ನಡುವೆ ಸೊಳ್ಳೆ ಪರದೆಯಂಥ ಒಂದು ಪ್ಲಾಸ್ಟಿಕ್ ಬಲೆ ಇರುತ್ತದೆ. ಪೊರೆ ಅಂಟದಿರಲಿ ಅಂತ ಮಾತ್ರ ಅದನ್ನು ಹಾಕಿದ್ದಲ್ಲ. ನೀರು ಅದರ ಎಳೆಗಳಿಗೆ ಡಿಕ್ಕಿ ಹೊಡೆದು ಹೊರಳುತ್ತದೆ, ಗೋಡೆ ಪಕ್ಕದ ಹಳಸಿದ ಪದರ ಕದಡಿ ಹೋಗುತ್ತದೆ. ಲಿಥಿಯಂ ಪೆಟ್ಟಿಗೆಯಲ್ಲೂ ಅಂಥ ಬಲೆ ಹಾಕಬಹುದು. ಸಂದು ಕಿರಿದಾದಷ್ಟೂ ವೋಲ್ಟೇಜ್ ಉಳಿತಾಯ, ಆದರೆ ಸರೋವರದ ನೀರಿನ ಜೇಡಿ, ಸುಣ್ಣದ ಹರಳು ಬಂದು ಅದೇ ಬಲೆಯಲ್ಲಿ ಕಟ್ಟಿಕೊಳ್ಳುತ್ತದೆ. ಮುಂದೆ ಒಳ್ಳೆಯ ಫಿಲ್ಟರ್ ಇಲ್ಲದೆ ಕಿರಿದಾದ ಸಂದಿನ ಮಾತೇ ಬೇಡ. ಇನ್ನೊಂದು ದಾರಿ, ಪ್ಲೇಟಿನ ಪಕ್ಕದಲ್ಲಿ ನೀರು ಹಾಯಿಸುವ ಬದಲು ಪ್ಲೇಟಿನ ಮೂಲಕವೇ ಹಾಯಿಸುವುದು. ಕಾರ್ಬನ್ ಫೆಲ್ಟ್ ಅಂದರೆ ಕಂಬಳಿಯಂಥ ವಸ್ತು, ಅದರ ಎಳೆ ಎಳೆಗೂ ಪುಡಿ ಹಚ್ಚಿ ನೀರನ್ನು ಅದರೊಳಗೆ ನುಗ್ಗಿಸುವುದು. ನನಗೆ ಈ ದಾರಿ ಬಹಳ ಇಷ್ಟ, ಆದರೆ ಅದು ಕಟ್ಟಿಕೊಂಡರೆ ತೊಳೆಯುವುದು ಕಷ್ಟ ಅನ್ನೋದೂ ಗೊತ್ತು.

ಪ್ಲೇಟಿನ ವಿಷಯ ಬಂತು. ಬ್ಯಾಟರಿಯೊಳಗಿನ ಪ್ಲೇಟನ್ನೇ ತಂದು ಹಾಕಿದರೆ ಆಗುವುದಿಲ್ಲ. ಅದರ ಬೆನ್ನಿಗೆ ತೆಳು ಅಲ್ಯೂಮಿನಿಯಂ ಹಾಳೆ ಇರುತ್ತದೆ, ಕ್ಲೋರೈಡ್ ಅದನ್ನು ತಿಂದು ಹಾಕುತ್ತದೆ. ಟೈಟೇನಿಯಂ ಜಾಲರಿ ಅಥವಾ ಕಾರ್ಬನ್ ಬಟ್ಟೆ ಬೇಕು. ಬ್ಯಾಟರಿಯಲ್ಲಿ ಪುಡಿ ಅಂಟಿಸುವ ಗೋಂದು ನೀರನ್ನು ಒಲ್ಲದ ಜಾತಿಯದ್ದು, ಕೆಸುವಿನ ಎಲೆಯ ಮೇಲೆ ನೀರು ಜಾರಿದ ಹಾಗೆ ಜಾರುತ್ತದೆ. ಇಲ್ಲಿ ನೀರು ಒಳಗೆ ಇಳಿಯಬೇಕು. 1 ಕಿಲೋ ಪುಡಿಯಲ್ಲಿ ಹೆಚ್ಚೆಂದರೆ 44 ಗ್ರಾಂ ಲಿಥಿಯಂ ಹಿಡಿಯುತ್ತದೆ, ಹಾಗಾಗಿ ಲೇಪನ ದಪ್ಪ ಇದ್ದಷ್ಟೂ ಲಾಭ ಅನ್ನಿಸುತ್ತದೆ. ಆದರೆ ದಪ್ಪ ಮಾಡಿದರೆ ಒಳಪದರಕ್ಕೆ ಲಿಥಿಯಂ ತಲುಪುವುದೇ ಇಲ್ಲ. ಇದಕ್ಕೆ ಒಂದು ಸರಳ ಉಪಾಯ ಇದೆ. ಲೇಪನಕ್ಕೆ ಉಪ್ಪಿನ ಪುಡಿ ಬೆರೆಸಿ ಹಚ್ಚಿ, ಒಣಗಿದ ಮೇಲೆ ನೀರಿನಲ್ಲಿ ಉಪ್ಪು ಕರಗಿಸಿಬಿಡುವುದು. ಉಪ್ಪು ಇದ್ದ ಕಡೆಯೆಲ್ಲ ತೂತು ಉಳಿಯುತ್ತದೆ, ಪಡ್ಡಿನ ಒಳಗಿನ ಹಾಗೆ. ಆ ತೂತುಗಳಲ್ಲಿ ನೀರು ಒಳಗಿನವರೆಗೆ ಹೋಗುತ್ತದೆ.

ಜೊತೆಗೆ ಹರಳು ಲಿಥಿಯಂ ತುಂಬಿದಾಗ ಸುಮಾರು ನೂರಕ್ಕೆ 7ರಷ್ಟು ಹಿಗ್ಗುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ಸೋಡಿಯಂ ನುಗ್ಗಿದರೆ ಹಿಗ್ಗುವುದು ಇನ್ನೂ ಜಾಸ್ತಿ. ದಿನಕ್ಕೆ ನಾಲ್ಕು ಸಲ ಹೀಗೆ ಉಸಿರಾಡಿದರೆ ಲೇಪನ ಗೋಡೆಯ ಸುಣ್ಣದ ಹಾಗೆ ಸಿಪ್ಪೆ ಏಳುತ್ತದೆ. ನೀರಿನ ಹಂಚಿಕೆ ಕೆಟ್ಟರೆ ಪ್ಲೇಟಿನ ಆಯಸ್ಸೂ ಕೆಡುತ್ತದೆ ಅನ್ನೋದು ಇದಕ್ಕೇ.

ಕೊನೆಯದು ಅದಲು ಬದಲು. ಪ್ಲೇಟನ್ನು ಎತ್ತಿ ಆಚೆ ಇಡುವುದು ಚಿಕ್ಕ ಪೆಟ್ಟಿಗೆಯಲ್ಲಿ ಸರಿ, ದೊಡ್ಡದರಲ್ಲಿ ಆಗದು. ಪ್ಲೇಟು ಇದ್ದಲ್ಲೇ ಇರಲಿ, ನೀರನ್ನೇ ವಾಲ್ವ್ ತಿರುಗಿಸಿ ಬದಲಿಸಿ, ಕರೆಂಟಿನ ದಿಕ್ಕನ್ನೂ ತಿರುಗಿಸುವುದು ಜಾಣತನ. ಆದರೆ ಸರೋವರದ ನೀರು ಪೂರ್ತಿ ಖಾಲಿಯಾಗಬೇಕಲ್ಲ! ಪ್ಲೇಟು ಸ್ಪಂಜಿನ ಹಾಗೆ ಹೀರಿಕೊಂಡಿರುತ್ತದೆ, ಪೈಪಿನ ಬಾಗಿನಲ್ಲಿ, ಕೋಣೆಯ ತಳದಲ್ಲಿ ನಿಂತಿರುತ್ತದೆ. 10 ಲೀಟರ್ ಕೋಣೆಯಲ್ಲಿ 1 ಲೀಟರ್ ಉಳಿಯಿತು, ಅದರಲ್ಲಿ ಲೀಟರಿಗೆ 100 ಗ್ರಾಂ ಮೆಗ್ನೀಸಿಯಂ ಇದೆ ಅಂತ ಇಟ್ಟುಕೊಳ್ಳಿ. ಶುದ್ಧ ನೀರು ತುಂಬಿದ ತಕ್ಷಣ ಅದು ಲೀಟರಿಗೆ 10 ಗ್ರಾಂ ಮೆಗ್ನೀಸಿಯಂ ನೀರಾಯಿತು. ನೀವು ಅದಕ್ಕೆ ಬಿಡಲಿರುವ ಲಿಥಿಯಂ ಲೀಟರಿಗೆ 2 ಗ್ರಾಂ. ಹರಳು, ಪೊರೆ ಸೇರಿ ಮಾಡಿದ ಕೆಲಸ ಎಲ್ಲ ನೀರಿನಲ್ಲಿ ಹೋಮ.

ನಮ್ಮಲ್ಲಿ ಇದು ನಿತ್ಯದ ಗೋಳು. ಒಮ್ಮೆ ಸಾಮಾನು ತೂಗುಹಾಕುವ ಜಿಗ್‌ನ ಪ್ಲಾಸ್ಟಿಕ್ ಹೊದಿಕೆ ಬಿರುಕು ಬಿಟ್ಟು, ಅದರೊಳಗೆ ಕ್ರೋಮ್ ದ್ರವ ಕೂತು, ಅದು ನಿಕಲ್ ಟ್ಯಾಂಕಿಗೆ ಹನಿ ಹನಿ ಬಿದ್ದು ಇಡೀ ಟ್ಯಾಂಕ್ ಕೆಟ್ಟಿತ್ತು. ಎರಡು ದಿನ ಕಾರಣ ಹುಡುಕಿದೆವು. ಕೂದಲೆಳೆಯಷ್ಟು ಬಿರುಕು. ಅಂದಿನಿಂದ ತೊಳೆಯುವುದನ್ನು ನಾನು ಪ್ಲೇಟಿಂಗಿನಷ್ಟೇ ದೊಡ್ಡ ಕೆಲಸ ಅಂತ ನೋಡುತ್ತೇನೆ. ಒಂದೇ ಸಲ ಬಹಳ ನೀರು ಸುರಿಯುವುದಕ್ಕಿಂತ ಸ್ವಲ್ಪ ಸ್ವಲ್ಪ ನೀರಿನಲ್ಲಿ ಮೂರು ಸಲ ತೊಳೆಯುವುದು ಮೇಲು. ಪ್ರತಿ ಸಲ ಹತ್ತು ಪಟ್ಟು ತೆಳುವಾದರೆ ಮೂರು ಸಲಕ್ಕೆ ಸಾವಿರ ಪಟ್ಟು. ಮೂರನೆಯ ತೊಳೆದ ನೀರನ್ನು ಮುಂದಿನ ಸಲದ ಎರಡನೆಯದಕ್ಕೆ, ಎರಡನೆಯದನ್ನು ಮೊದಲನೆಯದಕ್ಕೆ ಬಳಸಬೇಕು. ಉಯುನಿ 3,650 ಮೀಟರ್ ಎತ್ತರದ ಉಪ್ಪಿನ ಮರುಭೂಮಿ. ಅಲ್ಲಿ ಸಿಹಿನೀರು ಊರಿನವರ ಕುಡಿಯೋ ನೀರು. ಕೋಣೆಯ ತಳ ಇಳಿಜಾರಾಗಿರಲಿ, ಪೈಪಿನಲ್ಲಿ ಬಾಗು ಕಡಿಮೆ ಇರಲಿ, ವಾಲ್ವ್ ಕೋಣೆಗೆ ಅಂಟಿಕೊಂಡೇ ಇರಲಿ. ಇಂಥ ಸಣ್ಣ ಬದಲಾವಣೆಯಿಂದ ಉಳಿಯುವುದು ಅವರ ನೀರು.

ಈಗ ನಮ್ಮೂರಿನವರು ಕೇಳುವ ಪ್ರಶ್ನೆ: ಪಕ್ಕದ ಮಂಡ್ಯದಲ್ಲೇ ಲಿಥಿಯಂ ಇದೆಯಲ್ಲ? ಮಂಡ್ಯದ ಮರಳಗಾಲದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದ್ದು 1,600 ಟನ್, ಅದೂ ಕಲ್ಲಿನಲ್ಲಿ. ಕಲ್ಲನ್ನು ಹುರಿದು ಆಸಿಡ್ಡಿನಲ್ಲಿ ಕರಗಿಸಬೇಕು, ಈ ಪೆಟ್ಟಿಗೆ ಅಲ್ಲಿ ನೇರವಾಗಿ ನಡೆಯದು. ಆದರೆ ವಿದೇಶಗಳಲ್ಲಿ ಖನಿಜ ಹುಡುಕುವ ಭಾರತ ಸರ್ಕಾರದ ಕಾಬಿಲ್ ಸಂಸ್ಥೆ 2024ರ ಜನವರಿಯಲ್ಲಿ ಅರ್ಜೆಂಟೀನಾದ ಕಟಮಾರ್ಕಾದಲ್ಲಿ ಐದು ಬ್ಲಾಕ್‌ಗಳಿಗೆ ಒಪ್ಪಂದ ಮಾಡಿಕೊಂಡಿದೆ, ಒಟ್ಟು 15,703 ಹೆಕ್ಟೇರ್. ಅಲ್ಲಿರುವುದು ಉಪ್ಪುನೀರು. ಅದನ್ನು ಹಿಂಡುವ ಪೆಟ್ಟಿಗೆಯನ್ನು ನಮ್ಮ ಇಂಜಿನಿಯರಿಂಗ್ ಶಾಪುಗಳು ಮಾಡಬಲ್ಲವು ಅಂತ ನಾನು ನಂಬುತ್ತೇನೆ. ಟ್ಯಾಂಕು, ಪ್ಲೇಟು, ಪೈಪು, ಬಸ್‌ಬಾರು. ಇದರಲ್ಲಿ ನಮಗೆ ಬಾರದ್ದು ಯಾವುದಿದೆ?

ಸುಮ್ನೆ ಮಾತಾಡುವುದು ಬೇಡ ಅಂತ ನಾನೂ ನನ್ನ ಗೆಳೆಯನೂ ಶಾಪಿನಲ್ಲಿ ಎರಡು ಅಕ್ರಿಲಿಕ್ ಹಾಳೆಯ ನಡುವೆ 5 ಮಿಲಿಮೀಟರ್ ಸಂದು ಬಿಟ್ಟು ಒಂದು ಕೋಣೆ ಮಾಡಿದೆವು. ಪ್ಲೇಟಿಲ್ಲ, ಕರೆಂಟಿಲ್ಲ, ಬರೀ ಉಪ್ಪುನೀರು. ಕೆಳಗಿನ ಎಡ ಮೂಲೆಯಿಂದ ನೀರು ಒಳಗೆ, ಮೇಲಿನ ಬಲ ಮೂಲೆಯಿಂದ ಹೊರಗೆ. ನೀರು ಹರಿಯುತ್ತಿರುವಾಗ ಸಿರಿಂಜಿನಲ್ಲಿ ನೀಲಿ ಇಂಕು ಬಿಟ್ಟೆವು. ಇಂಕು ಕರ್ಣದ ಉದ್ದಕ್ಕೂ ಹಾವಿನ ಹಾಗೆ ಹೋಗಿ ಹೊರಬಿತ್ತು. ಆದರೆ ಕೆಳಗಿನ ಬಲ ಮೂಲೆಗೆ ಸ್ವಲ್ಪ ನುಸುಳಿದ್ದು ಅಲ್ಲೇ ನಿಂತಿತು. ನಾಲ್ಕು ನಿಮಿಷ ಆದರೂ ನೀಲಿ ಹೋಗಲಿಲ್ಲ. ಸೋಡಿಯಂ ನುಗ್ಗುವ ಮೂಲೆ ಅದೇ, ಕಣ್ಣೆದುರಿಗೇ ಇತ್ತು. ಮರುದಿನ ಒಂದು ಬಾಯಿಯ ಬದಲು ತಳದ ಉದ್ದಕ್ಕೂ ಹನ್ನೆರಡು ಸಣ್ಣ ತೂತು ಕೊರೆದೆವು, ಒಳಗೆ ಆರ್‌ಓ ಬಲೆಯ ತುಂಡು ಹಾಕಿದೆವು. ಇಂಕು ಈ ಸಲ ಒಂದು ಪರದೆಯ ಹಾಗೆ, ಅಂಚಿಂದ ಅಂಚಿಗೆ ಒಂದೇ ಎತ್ತರದಲ್ಲಿ ಮೇಲೇರಿತು. ಎಡ ಅಂಚಿನಲ್ಲಿ ಮಾತ್ರ ಒಂದು ಬೆರಳಿನಷ್ಟು ಹಿಂದೆ ಬಿದ್ದಿದೆ. ಆ ಕಡೆಯ ಮೂರು ತೂತುಗಳನ್ನು ಅರ್ಧ ಮಿಲಿಮೀಟರ್ ದೊಡ್ಡದು ಮಾಡಿ ಈ ಭಾನುವಾರ ಮತ್ತೆ ಇಂಕು ಬಿಡಬೇಕು.